ನಾಗಕ್ಕ ಆರಿಸಿದ ಇಂಜಿನ್

ಹೂವಿನಹಡಗಲಿಯ ನಾಗಕ್ಕ ಸಿಟ್ಟು ಬಂದರೆ ಬೈಯುವವಳಲ್ಲ. ಬೈದರೆ ಸಿಟ್ಟು ಖರ್ಚಾಗಿಬಿಡುತ್ತದೆ ಎಂಬ ಜಿಪುಣತನ ಅವಳದು. ಟೆಂಪೊ ಹುಲುಗಣ್ಣನ ಮೇಲಿನ ಸಿಟ್ಟನ್ನಂತೂ ಉಪ್ಪಿನಕಾಯಿಯ ಹಾಗೆ ಜಾಡಿಗೆ ಹಾಕಿ ಬಾಯಿ ಕಟ್ಟಿದ್ದಳು.

ಆದದ್ದು ಇಷ್ಟು. ಊರಿನ ಮಲ್ಲಿಗೆ ಮೊಗ್ಗೆಲ್ಲ ಬೆಳಿಗ್ಗೆ ಹುಲುಗಣ್ಣನ ಟೆಂಪೊ ಹತ್ತಿ ದಾವಣಗೆರೆಗೆ ಹೋಗುತ್ತಿತ್ತು. ಮೊಗ್ಗು ಮೊಗ್ಗಾಗಿಯೇ ಪೇಟೆ ಮುಟ್ಟಬೇಕು, ದಾರಿಯಲ್ಲಿ ಅರಳಿದರೆ ಕೇಳುವವರಿಲ್ಲ. ಒಂದು ದಿನ ಹರಪನಹಳ್ಳಿ ದಾಟಿದ ಮೇಲೆ ಯಾರೋ ದೊಡ್ಡ ವ್ಯಾಪಾರಿ ಮದುವೆಮನೆಯ ಹೂವಿಟ್ಟುಕೊಂಡು ಕೈ ಅಡ್ಡ ಹಾಕಿದ. ಹುಲುಗಣ್ಣ ಹಿಂದೆ ಮುಂದೆ ನೋಡದೆ ನಾಗಕ್ಕನ ಬುಟ್ಟಿಗಳನ್ನು ಇಳಿಸಿ ರಸ್ತೆ ಬದಿಗಿಟ್ಟ.

“ನಿನಗ ಜಾಗ ಐತಿ ನಾಗಕ್ಕ, ನಿನ್ನ ಹೂವಿಗಿಲ್ಲ. ಬರೋದಿದ್ರ ಹತ್ತು” ಅಂದ.

ಅವಳು ಹತ್ತಲಿಲ್ಲ. ಬಿಸಿಲು ಏರಿದಂತೆ ಮೊಗ್ಗುಗಳು ಅವಳ ಕಣ್ಣೆದುರೇ ಅರಳತೊಡಗಿದವು. ಸೈಕಲ್ಲಿನವರು “ಆಹಾ, ಏನ್ ವಾಸನಿ!” ಎಂದು ಹೊಗಳಿಕೊಂಡು ಹೋದರು. ಬೈದಿದ್ದರೂ ಅವಳಿಗೆ ಅಷ್ಟು ನೋಯುತ್ತಿರಲಿಲ್ಲ. ಆ ದಿನದಿಂದ ನಾಗಕ್ಕ ಹೂವು ಮುಡಿಯುವುದನ್ನು ಬಿಟ್ಟಳು.

ಮಲ್ಲಿಗೆ ಮಾರುವವಳು ಬೋಳು ತುರುಬಿನಲ್ಲಿ ತಿರುಗಿದರೆ ಊರು ಸುಮ್ಮನಿರುತ್ತದೆಯೇ? ಗಂಡ ಗಾದೆಪ್ಪನಿಗೆ ಹೊರಗೆ ತಲೆಯೆತ್ತಲಾಗಲಿಲ್ಲ. “ನಾ ಇನ್ನೂ ಜೀವಂತ ಅದೀನಲ್ಲ, ಒಂದು ಮೊಳ ಮುಡಿಯೇ” ಎಂದು ಗೋಗರೆದ.

“ಅಂವ ನನ್ಹಂಗ ದಾರ್ಯಾಗ ಕುಂತ ದಿನ ಮುಡೀತೀನಿ. ಉಚ್ಚಂಗೆವ್ವನ ಆಣಿ” ಅಂದಳು.

ಹರಪನಹಳ್ಳಿಯಲ್ಲಿ ಮಸ್ತಾನಸಾಬ ಎಂಬ ಮೆಕ್ಯಾನಿಕ್ ಇದ್ದ. ಹಳೆಯ ಜೀಪಿನ ಚಾಸಿಗೆ ತಗಡು ಬಡಿದು, ಗುಜರಿಯ ಇಂಜಿನ್ ಕೂರಿಸಿ, ಹೊಸ ಗಾಡಿ ಕಟ್ಟುವುದು ಅವನ ಹುಚ್ಚು. ಕಾಗದದ ಮೇಲೆ ಅದು ಜೀಪು, ಕಣ್ಣಿಗೆ ಗಾಲಿ ಹಚ್ಚಿದ ಕಪಾಟು. ನಾಗಕ್ಕ ಅಂಥದ್ದೊಂದನ್ನು ಕಟ್ಟಿಕೊಡಲು ಹೇಳಿದಳು. ತಾನೇ ಓಡಿಸುತ್ತೇನೆ ಅಂದಳು. ಡ್ರೈವರನ್ನು ನಂಬಿ ಕೆಟ್ಟದ್ದು ಒಮ್ಮೆ ಸಾಕು.

ಕಾರುಗಳಿಗೆಲ್ಲ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ಇಂಜಿನ್ ಬರತೊಡಗಿದ್ದ ಕಾಲ ಅದು. ಮಸ್ತಾನಸಾಬ ಅವಳ ಮುಂದೆ ಎರಡು ಇಂಜಿನ್ ಇಟ್ಟ.

“ಇದು ಕಾರ್ಬುರೇಟರಿಂದು. ಚಳಿಗೆ ಚೋಕ್ ಎಳಿಬೇಕು, ಕೆಮ್ಮತೈತಿ, ಮುನಿಸ್ಕೊಂತೈತಿ. ಇದು ಇಂಜೆಕ್ಷನ್. ಕೀ ತಿರುವಿದ್ರ ಸಾಕು, ಎಷ್ಟು ಪೆಟ್ರೋಲ್ ಬೇಕಂತ ಇದರ ಕಂಪ್ಯೂಟರ್ ಡಬ್ಬಿನ ನೋಡ್ಕೊಂತೈತಿ. ಹುಲುಗಣ್ಣನ್ನ ಹಿಂದ ಹಾಕಬೇಕಂದ್ರ ಇದನ್ನ ತಗೋರಿ.”

ಹುಲುಗಣ್ಣನ ಹೆಸರು ಕೇಳಿ ನಾಗಕ್ಕನ ಕೈ ಇಂಜೆಕ್ಷನ್ ಕಡೆಗೇ ಹೋಯಿತು. ಅರ್ಧದಲ್ಲಿ ನಿಂತಿತು. “ಆ ಡಬ್ಬಿ ಎಲ್ಲಿ ಕೂರಸ್ತೀರಿ?”

“ಸೀಟಿನ ಕೆಳಗ. ಬ್ಯಾರೆ ಜಾಗ ಎಲ್ಲೈತಿ?”

“ನೀರು ಬಿದ್ರ?”

“ನೀರು ಹೊಕ್ರ ಗಾಡಿ ಮುಗೀತು. ನನ್ನ ಕೈಲಿ ರಿಪೇರಿ ಆಗೋದಿಲ್ಲ.”

ನಾಗಕ್ಕ ತನ್ನ ಸೀರೆಯ ಅಂಚು ನೋಡಿಕೊಂಡಳು. ಎಂದಿನಂತೆ ಒದ್ದೆ. ಮೊಗ್ಗು ಅರಳದಿರಲೆಂದು ಬುಟ್ಟಿಗೆ ಹಸಿ ಗೋಣಿ ಹೊದಿಸುತ್ತಾರೆ, ದಾರಿಯುದ್ದಕ್ಕೂ ನೀರು ಚಿಮುಕಿಸುತ್ತಾರೆ. ಹೂವಿನ ಗಾಡಿಯಲ್ಲಿ ಒಣಗಿದ ಜಾಗ ಎಂಬುದೇ ಇರುವುದಿಲ್ಲ.

“ಕೆಮ್ಮೋದನ್ನ ಹಾಕ್ರಿ” ಅಂದಳು.

ಅವಳ ಗಾಡಿ ರಸ್ತೆಗಿಳಿದದ್ದೇ ತಡ, ಹುಲುಗಣ್ಣನಿಗೆ ಹೊಟ್ಟೆಯೊಳಗೆ ಮೆಣಸಿನಕಾಯಿ ಇಟ್ಟಂತಾಯಿತು. ತನ್ನ ಮುದಿ ಟೆಂಪೊ ಮಾರಿ, ಅಂಥದೇ ಗಾಡಿಗೆ ಆ ಇಂಜೆಕ್ಷನ್ ಇಂಜಿನ್ನೇ ಬೇಕೆಂದು ಮಸ್ತಾನಸಾಬನ ಮುಂದೆ ಕೂತ. ಮಸ್ತಾನಸಾಬ ನಾಗಕ್ಕನನ್ನು ಕಂಡು, “ಅವಗ ನೀರಿನ ವಿಷ್ಯ ಹೇಳ್ಬೇಕಲ್ಲ?” ಅಂದ.

“ಹೇಳ್ರಿ, ಅಡ್ಡಿಲ್ಲ. ನಾನೇ ಹೇಳಿದ್ನಿ ಅನ್ರಿ.”

ಮಸ್ತಾನಸಾಬ ಹಾಗೆಯೇ ಹೇಳಿದ. ನಾಗಕ್ಕನ ಹೆಸರು ಬಿದ್ದದ್ದೇ ಹುಲುಗಣ್ಣ ನಕ್ಕುಬಿಟ್ಟ. “ನಾ ಅದನ್ನ ತಗೋಬಾರ್ದಂತ ಹೆದರಸಾಕ ಹತ್ಯಾಳ. ಕೂರಸೋ ಮಾರಾಯ.” ನಾಗಕ್ಕನಿಗೆ ಅವನ ಬುದ್ಧಿ ಗೊತ್ತಿತ್ತು, ಅದಕ್ಕೇ ಹೆಸರು ಕೊಟ್ಟಿದ್ದಳು.

ಚಳಿಗಾಲವೆಲ್ಲ ಅವನದೇ ದರ್ಬಾರು. ನಾಗಕ್ಕ ಚೋಕ್ ಎಳೆದು, ಇಂಜಿನ್ನಿಗೆ ಅವ್ವಾ ಅಪ್ಪಾ ಎಂದು ಬೇಡಿಕೊಳ್ಳುವಷ್ಟರಲ್ಲಿ ಅವನು ಹಾರ್ನ್ ಒತ್ತುತ್ತ ಮುಂದೆ ಹೋಗಿರುತ್ತಿದ್ದ. ಪಕ್ಕದ ಹೊಲದ ಎರ್ರೆಮ್ಮ ಕೂಡ ತನ್ನ ಮೊಗ್ಗನ್ನು ಅವನ ಗಾಡಿಗೇ ಹಾಕಿದಳು. ನಾಗಕ್ಕ ಹಲ್ಲು ಕಚ್ಚಿಕೊಂಡು ಬೇಸಿಗೆಯ ದಾರಿ ಕಾದಳು. ಬಿಸಿಲು ಬಲಿತರೆ ಗೋಣಿಗೆ ನೀರು ಹೆಚ್ಚು.

ಬೇಸಿಗೆ ಬಂತು. ಒಂದು ಬೆಳಿಗ್ಗೆ ಹರಪನಹಳ್ಳಿ ದಾಟಿದ ಮೇಲೆ ಹುಲುಗಣ್ಣನ ಗಾಡಿ ರಸ್ತೆ ಬದಿಗೆ ನಿಂತಿತ್ತು. ಸೀಟಿನ ಕೆಳಗಿಂದ ನೀರು ತೊಟ್ಟಿಕ್ಕುತ್ತಿತ್ತು. ಅವನು ಕೀ ತಿರುವುತ್ತಿದ್ದ, ಗಾಡಿ ಕಿಂಚಿತ್ತೂ ಮಿಸುಕುತ್ತಿರಲಿಲ್ಲ. ಎರ್ರೆಮ್ಮ ಬುಟ್ಟಿಗಳ ಪಕ್ಕ ಕೂತು ಅಳುತ್ತಿದ್ದಳು.

ಈ ಗಳಿಗೆಯನ್ನು ನಾಗಕ್ಕ ಮನಸ್ಸಿನಲ್ಲಿ ಎಷ್ಟು ಸಲ ಓಡಿಸಿ ನೋಡಿದ್ದಳೋ. ಪ್ರತಿ ಸಲವೂ ಅವಳು ನಿಲ್ಲಿಸದೆ ಹೋಗುತ್ತಿದ್ದಳು, ಹಾರ್ನ್ ಒತ್ತುತ್ತ. ಈಗಲೂ ಹಾರ್ನಿನ ಮೇಲೆ ಕೈಯಿಟ್ಟಳು. ಅಷ್ಟರಲ್ಲಿ ಮೂಗಿಗೆ ವಾಸನೆ ಬಡಿಯಿತು. ಇನ್ನು ಸ್ವಲ್ಪ ಹೊತ್ತಿಗೆ ಅರಳಿಬಿಡುವ ಮೊಗ್ಗಿನ ವಾಸನೆ, ಅವಳು ಮರೆಯಲಾಗದ ವಾಸನೆ. ಕಾಲು ತಾನಾಗಿ ಬ್ರೇಕ್ ತುಳಿಯಿತು.

ಇಂಜಿನ್ ಬಂದ್ ಮಾಡಲಿಲ್ಲ. ಬಿಸಿಯಾದ ಕಾರ್ಬುರೇಟರ್ ಒಮ್ಮೆ ಮಲಗಿದರೆ ಏಳಲು ಹಟ ಮಾಡುತ್ತದೆ. “ಎರ್ರೆಮ್ಮ, ಅಳೋದ್ ಬಿಡು, ಬುಟ್ಟಿ ಎತ್ತು. ಜಲ್ದಿ” ಅಂದಳು. ಇಬ್ಬರೂ ಸೇರಿ ಎಲ್ಲ ಬುಟ್ಟಿಗಳನ್ನು ಏರಿಸಿದರು. ಎರ್ರೆಮ್ಮನನ್ನೂ ಪಕ್ಕಕ್ಕೆ ಕೂರಿಸಿಕೊಂಡಳು. ಹುಲುಗಣ್ಣ ಬೆವರು ಒರೆಸಿಕೊಳ್ಳುತ್ತ ಬಂದು ಬಾಗಿಲಿಗೆ ಕೈ ಹಾಕಿದ. ಹಿಂದೆ ಒಬ್ಬನೇನು, ಇಬ್ಬರು ಕೂರುವಷ್ಟು ಜಾಗವಿತ್ತು.

ನಾಗಕ್ಕ ಅವನ ಕೈಯನ್ನು ಬಾಗಿಲಿನಿಂದ ಬಿಡಿಸಿದಳು. “ಹೂವಿಗೆ ಜಾಗ ಐತಿ ಹುಲುಗಣ್ಣ. ನಿನಗಿಲ್ಲ.”

ತಾನು ಆಡಿದ ಮಾತು ಅವನಿಗೂ ನೆನಪಿತ್ತು. ರಸ್ತೆ ಬದಿಯ ಕಲ್ಲಿನ ಮೇಲೆ ಕುಸಿದು ಕೂತ. ಅವನು ಕೂರುವುದನ್ನೇ ಕಾಯುತ್ತಿದ್ದವಳ ಹಾಗೆ ನಾಗಕ್ಕ ಎರ್ರೆಮ್ಮನ ಬುಟ್ಟಿಯಿಂದ ಅರ್ಧ ಬಿರಿದ ಒಂದು ಮೊಗ್ಗು ಆರಿಸಿ, ಅವನ ಕಣ್ಣೆದುರೇ ತುರುಬಿಗೆ ಸಿಕ್ಕಿಸಿಕೊಂಡಳು. ಆಮೇಲೆ ಗೇರು ಹಾಕಿದಳು.