ಅಪ್ಪನೆದುರು ಎತ್ತಿಕೊಳ್ಳದ ಮಗಳು

ಸಲಂಬೆಕ್ ನಮ್ಮ ಚೆಚೆನ್ ನಾಡಿನ ಗ್ರೋಜ್ನಿಯಲ್ಲಿ ಲಾರಿ ರಿಪೇರಿ ಮಾಡುತ್ತಿದ್ದವನು. ಮುದಿ ತಂದೆ ಅಲ್ಸುಲ್ತಾನನನ್ನೂ ತಾಯಿಯಿಲ್ಲದ ಮಗಳು ಅಸೆತ್‌ಳನ್ನೂ ಕರೆದುಕೊಂಡು ಸ್ವೀಡನ್ನಿನ ಈ ಊರಿಗೆ ಆಶ್ರಯ ಕೇಳಿ ಬಂದಿದ್ದ. ನಮ್ಮ ಚೆಚೆನ್ ಜನರಲ್ಲಿ ಗಂಡಸು ಹಿರಿಯರೆದುರು ತನ್ನ ಮಗುವನ್ನು ಎತ್ತಿಕೊಳ್ಳುವುದಿಲ್ಲ, ಮುದ್ದಿಸುವುದಿಲ್ಲ, ಪ್ರೀತಿಯ ಮಾತನ್ನೂ ಆಡುವುದಿಲ್ಲ. ಆ ಮರ್ಯಾದೆಗೆ ಬೆಂಕಿ ಬೀಳಲಿ ಎಂದು ಈಗ ಅನ್ನುತ್ತೇನೆ. ಆಗ ಅನ್ನಲಿಲ್ಲ.

ಫೆಬ್ರವರಿಯಲ್ಲಿ ಸರ್ಕಾರದ ಕಾಗದ ಬಂತು: ಆಶ್ರಯ ಇಲ್ಲ, ವಾಪಸ್ ಹೋಗಿ. ಮನೆಯಲ್ಲಿ ಇಲ್ಲಿನ ಭಾಷೆ ಬಲ್ಲವಳು ಹನ್ನೊಂದು ವರ್ಷದ ಅಸೆತ್ ಒಬ್ಬಳೇ, ಅವಳೇ ಓದಿ ಹೇಳಿದಳು. ಆ ವಾರ ಮಾತು ಬಿಟ್ಟಳು, ಮುಂದಿನ ವಾರ ಊಟ. ಆಮೇಲೆ ಕಣ್ಣನ್ನೇ ತೆರೆಯಲಿಲ್ಲ. ವಾಪಸ್ ಕಳಿಸುತ್ತಾರೆಂಬ ಭಯಕ್ಕೆ ಹೀಗೆ ಮಲಗಿಬಿಟ್ಟ ಮಕ್ಕಳನ್ನು ಮೊದಲೂ ಕಂಡಿದ್ದ ಡಾಕ್ಟರು ಊಟಕ್ಕೆಂದು ಮೂಗಿಗೆ ನಳಿಕೆ ಹಾಕಿ, "ಮನೆಯವರ ಪ್ರೀತಿ ಸಿಕ್ಕಿ, ಇಲ್ಲೇ ಇರ್ತೀವಿ ಅನ್ನೋ ಧೈರ್ಯ ಬಂದ್ರೆ ಏಳ್ತಾಳೆ," ಎಂದರು.

ಮುದುಕ ನಮಾಜಿಗೆ ಒಳಗೆ ಹೋದರೆ ಸಾಕು, ಸಲಂಬೆಕ್ ಮಗಳ ಪಾದ ತಿಕ್ಕುತ್ತಿದ್ದ, ಜಡೆ ಹೆಣೆಯುತ್ತಿದ್ದ. ಮುದುಕ ಬೇಕೆಂದೇ ನಮಾಜು ಉದ್ದ ಮಾಡುತ್ತಿದ್ದ. ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಬಾಯಿಬಿಡಲಿಲ್ಲ.

ಮೇ ತಿಂಗಳಲ್ಲಿ ಮಕ್ಕಳ ರಕ್ಷಣೆಯ ಕಚೇರಿಯ ಹೆಂಗಸೊಬ್ಬಳು ಬಂದಳು. ಮಗು ಅಪ್ಪನ ಬಳಿ ಇರಬೇಕೋ ಬೇಡವೋ ಎಂದು ಬರೆಯುವವಳು ಅವಳೇ. ದುಭಾಷಿ ನಾನು.

"ಮಗಳನ್ನ ಎತ್ತಿ ಕೂರಿಸಿ, ನೋಡೋಣ," ಎಂದಳು ಸಲಂಬೆಕ್‌ಗೆ.

ಮುದುಕ ಎದುರಿಗೇ ಕುರ್ಚಿಯಲ್ಲಿದ್ದ. ಸಲಂಬೆಕ್ ನೆಲ ನೋಡುತ್ತ ನಿಂತ.

"ಮಗಳ ಮೇಲೆ ಪ್ರೀತಿ ಇಲ್ವಾ ಇವರಿಗೆ?"

"ಅದು, ನಮ್ಮಲ್ಲಿ ಹಿರಿಯರ ಮುಂದೆ..." ಎಂದು ಶುರುಮಾಡಿದೆ.

"ನಿಮ್ಮನ್ನ ಕೇಳ್ಲಿಲ್ಲ. ಅವರು ಹೇಳಿದ್ದಷ್ಟೇ ಹೇಳಿ."

ಪ್ರಶ್ನೆಯನ್ನು ಅವನಿಗೆ ದಾಟಿಸಿದೆ. ಅವನ ಕಿವಿ ಕೆಂಪಾಯಿತು.

"ಊಟ, ಔಷಧಿ ಹೊತ್ತಿಗೆ ಸರಿಯಾಗಿ ಆಗ್ತಿದೆ ಅಂತ ಹೇಳಮ್ಮಾ."

ಅಷ್ಟನ್ನೇ ಹೇಳಿದೆ. ಮುದುಕ ಎದ್ದು ಹೋಗಬಹುದಿತ್ತು, ಆದರೆ ಅತಿಥಿ ಕೂತಿರುವಾಗ ಮನೆಯ ಯಜಮಾನ ಎದ್ದು ಹೋಗುವುದುಂಟೇ? 'ಅಜ್ಜಾ, ಸ್ವಲ್ಪ ಒಳಗೆ ಹೋಗಿ' ಎಂದು ನಾನಾದರೂ ಅನ್ನಬಹುದಿತ್ತು. ಹಿರಿಯನನ್ನು ಎಬ್ಬಿಸಲು ನಾನ್ಯಾರು? ಮೂವರೂ ಮರ್ಯಾದಸ್ಥರು. ಸೇರಿಕೊಂಡು ಮಗುವಿನ ಕುತ್ತಿಗೆ ಕೊಯ್ದೆವು.

ವರದಿ ಬಂತು: 'ತಂದೆ ಮಗುವನ್ನು ಮುಟ್ಟುವುದಿಲ್ಲ. ಬೇರೆ ಕುಟುಂಬಕ್ಕೆ ಒಪ್ಪಿಸುವುದು.' ನಮ್ಮ ಪದ್ಧತಿಯನ್ನೆಲ್ಲ ವಿವರಿಸಿ ಅರ್ಜಿ ಬರೆದುಕೊಟ್ಟೆ. ಇದು ಆವತ್ತು ತಂದೆಯ ಬಾಯಿಂದಲೇ ಯಾಕೆ ಬರಲಿಲ್ಲ ಎಂದು ಕೇಳಿ ಕಚೇರಿಯವರು ಅದನ್ನು ತಳ್ಳಿಹಾಕಿದರು.

ಕರೆದೊಯ್ಯುವ ದಿನ ಮೆಟ್ಟಿಲ ತಿರುವಿನಲ್ಲಿ ಸ್ಟ್ರೆಚರ್ ತಿರುಗಲಿಲ್ಲ.

"ಯಾರಾದ್ರೂ ಎತ್ಕೊಂಡೇ ಇಳೀಬೇಕು," ಎಂದ ವ್ಯಾನಿನ ಡ್ರೈವರ್.

ಸಲಂಬೆಕ್ ತಂದೆಯ ಕಡೆ ನೋಡಿದ. ಮುದುಕ ಒಂದು ಹೆಜ್ಜೆ ಮುಂದೆ ಬಂದ.

"ಎತ್ಕೋ ಮಗಾ," ಎಂದ. "ನಾನಿದ್ರೂ ಪರವಾಗಿಲ್ಲ, ಎತ್ಕೋ."

ಅವನು ಮಗಳ ಹಣೆಗೆ ಗಲ್ಲ ಒತ್ತಿಕೊಂಡು, ಒಂದೊಂದೇ ಮೆಟ್ಟಿಲಿನಂತೆ ಮೂರು ಮಹಡಿ ಇಳಿದ. ಬಾಯಲ್ಲಿ ಜೋಗುಳ. ಅವಳ ಕಣ್ಣು ತೆರೆಯಲಿಲ್ಲ. ವ್ಯಾನಿನ ಬಳಿ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದವಳು ನಾನು.

ಕಚೇರಿಯ ಆ ಹೆಂಗಸು ಅಲ್ಲೇ ನಿಂತು ಕಾಗದದಲ್ಲಿ ಬರೆದುಕೊಂಡಳು: 'ತಂದೆ ಸಹಕರಿಸಿದರು.'