ಕ್ರೋಶಾ ಕಡ್ಡಿ ಹಿಡಿದು ಕಂಪ್ಯೂಟರ್ ಕ್ಲಾಸಿಗೆ

1989ನೇ ಇಸವಿಯ ಬೇಸಿಗೆ. ನನ್ನ ಮಗಳು ಸುಮಾ ಎರಡನೇ ಪಿಯುಸಿ ಪರೀಕ್ಷೆ ಮುಗಿಸಿದ್ದಳು. ನಂಜನಗೂಡಿನಲ್ಲಿ ಒಂದು ಬಟ್ಟೆ ಅಂಗಡಿಯ ಮಹಡಿ ಮೇಲೆ ಹೊಸದಾಗಿ ಕಂಪ್ಯೂಟರ್ ಕ್ಲಾಸ್ ಶುರುವಾಗಿತ್ತು. ಸೇರಲೇಬೇಕೆಂದು ಅವಳ ಹಟ. ಬೇರೆ ತಾಯಂದಿರಾದರೆ ಸಂತೋಷಪಡುತ್ತಿದ್ದರೇನೋ, ನನಗೆ ಮಾತ್ರ ಭಯವಾಯಿತು.

ಕಾರಣ ಐದು ವರ್ಷ ಹಿಂದಿನದು. ಆಗ ನಾವು ತಿ. ನರಸೀಪುರದಲ್ಲಿದ್ದೆವು. ಪಕ್ಕದ ಮನೆಗೆ ಟಿ.ವಿ. ಬಂದಿತ್ತು, ಭಾನುವಾರ ಇಡೀ ಬೀದಿಯೇ ಅಲ್ಲಿ. ಪರದೆಯಲ್ಲಿ ಚಿತ್ರ ಮೇಲೆ ಕೆಳಗೆ ಉರುಳತೊಡಗಿದರೆ, "ಸುಮಾ, ಹೋಗಿ ಗುಂಡಿ ತಿರುಗಿಸಮ್ಮ" ಎನ್ನುತ್ತಿದ್ದರು. ಆ ಪುಟ್ಟ ಗುಂಡಿಗೆ ಅವಳ ಸಣ್ಣ ಬೆರಳೇ ಸರಿ. ಒಂದು ದಿನ ಪರದೆಗೆ ಮೂಗು ತಾಗುವಷ್ಟು ಹತ್ತಿರ ನಿಂತಿದ್ದವಳ ಎಡಗಣ್ಣಿನ ರೆಪ್ಪೆ ಪಟಪಟ ಬಡಿಯಿತು. ಮರುಕ್ಷಣ ನೆಲಕ್ಕೆ ಬಿದ್ದು ಕೈಕಾಲು ಸೆಟೆದಳು. ಎಲ್ಲರೂ ಸುತ್ತುಗಟ್ಟಿದರು, ಯಾರೋ ಅವಳ ಮುಷ್ಟಿಗೆ ಬೀಗದ ಕೈ ಗೊಂಚಲು ತುರುಕಿದರು. ಇನ್ನೆರಡು ಸಲ ಹಾಗಾಯಿತು. ಎರಡೂ ಸಲ ಟಿ.ವಿ. ಹತ್ತಿರವೇ ಎಂಬುದನ್ನು ಗಮನಿಸಿ ಮೈಸೂರಿನ ಡಾಕ್ಟರಿಗೆ ಹೇಳಿದೆ.

"ಸರಿಯಾಗಿ ನೋಡಿದೀರಮ್ಮ" ಎಂದರು ಅವರು. "ಆ ಚಿತ್ರ ಸೆಕೆಂಡಿಗೆ ಐವತ್ತು ಸಲ ಬೆಳಗಿ ಆರುತ್ತೆ. ನಮ್ಮ ಕಣ್ಣಿಗೆ ಗೊತ್ತಾಗಲ್ಲ, ಇಂಥ ಮಕ್ಕಳ ಮೆದುಳಿಗೆ ಗೊತ್ತಾಗುತ್ತೆ. ದೂರ ಕೂರಿಸಿ. ಹತ್ತಿರ ಹೋಗಲೇಬೇಕಾದ್ರೆ ಅಂಗೈಯಲ್ಲಿ ಒಂದು ಕಣ್ಣು ಮುಚ್ಚಿಕೊಳ್ಳಲಿ."

ಅವರು ಕೊಟ್ಟಿದ್ದ ಮಾತ್ರೆ ನಿಲ್ಲಿಸಿ ಈಗ ಮೂರು ವರ್ಷವಾಗಿತ್ತು. ಮತ್ತೆ ಹಾಗಾಗಿರಲಿಲ್ಲ. ನಂಜನಗೂಡಿಗೆ ಬಂದ ಮೇಲೆ ಯಾರ ಮುಂದೆಯೂ ಈ ವಿಷಯ ಬಾಯಿ ಬಿಟ್ಟಿರಲಿಲ್ಲ. ಹೆಣ್ಣು ಮಗು, ನಾಳೆ ನಾಲ್ಕು ಜನ ನೋಡಲು ಬರುತ್ತಾರೆ ಎಂಬ ಯೋಚನೆ.

ಈ ಸಲವೂ ಡಾಕ್ಟರನ್ನು ಕೇಳಿದೆ. "ಚೆನ್ನಾಗಿ ನಿದ್ದೆ ಮಾಡಿರಲಿ, ಪಕ್ಕದಲ್ಲಿ ನೀವಿರಿ. ಆ ಪರದೆ ಎಷ್ಟು ಮಿನುಗುತ್ತೋ ಮೊದಲು ವಿಚಾರಿಸಿ" ಎಂದರು. ಅದಕ್ಕೆ ನನ್ನ ಹತ್ತಿರ ಒಂದು ಉಪಾಯವಿತ್ತು. ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ ಕ್ರೋಶಾ ಹೆಣಿಗೆ ನನ್ನ ಕೈ ಬಿಟ್ಟಿರಲಿಲ್ಲ. ಟಿ.ವಿ. ಮುಂದೆ ಕಡ್ಡಿ ಆಡಿಸಿದರೆ ಅದು ಒಂದಲ್ಲ, ಬೀಸಣಿಗೆಯ ಕಡ್ಡಿಗಳಂತೆ ಏಳೆಂಟಾಗಿ ಬಿಡಿಬಿಡಿ ಕಾಣುತ್ತಿತ್ತು. ಮಿನುಗದ ಬಿಸಿಲಲ್ಲಿ ಹಾಗಾಗದು. ಕಡ್ಡಿಯನ್ನು ಪರ್ಸಿನಲ್ಲಿಟ್ಟುಕೊಂಡು ಸುಮಾಳ ಜೊತೆ ಕ್ಲಾಸಿಗೆ ಹೊರಟೆ.

"ಸಾರ್, ಈ ಪರದೆ ಸೆಕೆಂಡಿಗೆ ಎಷ್ಟು ಸಲ ಮಿನುಗುತ್ತೆ?"

ಕ್ಲಾಸಿನ ಮೇಷ್ಟ್ರು ನಕ್ಕರು. "ಸೇರೋಕೆ ಬಂದೋರೆಲ್ಲಾ ಕೆಲಸ ಸಿಗುತ್ತಾ ಅಂತಾರೆ. ಇದನ್ನ ಯಾರೂ ಕೇಳಿಲ್ಲ ಕಣ್ರೀ ಮೇಡಂ." ಆದರೂ ಮಾನಿಟರನ್ನು ತಿರುಗಿಸಿದರು. ಬೆನ್ನಿನ ಚೀಟಿಯಲ್ಲಿ 50 ಹರ್ಟ್ಸ್ ಎಂದಿತ್ತು, ಅಂದರೆ ಸೆಕೆಂಡಿಗೆ ಐವತ್ತು ಸಲ. ಟಿ.ವಿ.ಯಷ್ಟೇ.

"ಅದು ಗೋಡೆಯಿಂದ ಬರೋ ಕರೆಂಟಿನದು. ಪರದೆ ಲೆಕ್ಕ ಬೇರೆ" ಎಂದು ಮಾನಿಟರಿನ ಜೊತೆಗೆ ಬಂದಿದ್ದ ಪುಸ್ತಕ ತೆಗೆದು ಹುಡುಕಿ, ಒಂದು ಸಾಲಿನ ಮೇಲೆ ಬೆರಳಿಟ್ಟರು. ಅಲ್ಲೂ ಐವತ್ತೇ.

ಎದ್ದು ಬರಬೇಕೆನಿಸಿತು. ಸುಮಾ ನನ್ನ ಸೆರಗು ಹಿಡಿದಳು. ಮೇಷ್ಟ್ರಿಗೆ ಪರದೆ ತುಂಬ ಅಕ್ಷರ ತುಂಬಿಸಲು ಹೇಳಿ, ಕಡ್ಡಿ ತೆಗೆದು ಬೀಸಿದೆ. ಬಿಡಿಬಿಡಿಯಾಗಲಿಲ್ಲ. ನೀರಲ್ಲಿ ಕದಡಿದ ಹಾಗೆ ಒಂದೇ ಮಬ್ಬು ನೆರಳು.

"ಹಸಿರು ಅಕ್ಷರದ ಪರದೆ ಇದು" ಎಂದರು ಮೇಷ್ಟ್ರು. "ಬೆಳಕು ಥಟ್ಟನೆ ಆರಲ್ಲ, ಕೆಂಡದ ಥರ ಉಳ್ಕೊಂಡಿರುತ್ತೆ. ಅಷ್ಟರಲ್ಲಿ ಮತ್ತೆ ಬರೆದಾಗಿರುತ್ತೆ."

ಸುಮಾ ಕುಳಿತಳು. ನಾನು ಪರದೆ ನೋಡಲಿಲ್ಲ, ಅವಳ ಎಡರೆಪ್ಪೆಯನ್ನೇ ನೋಡುತ್ತಿದ್ದೆ. ಅವಳು ತಾನಾಗಿಯೇ ಅಂಗೈಯಲ್ಲಿ ಒಂದು ಕಣ್ಣು ಮುಚ್ಚಿ, ಇನ್ನೊಂದು ಕೈಯಲ್ಲಿ ಅಕ್ಷರ ಒತ್ತಿದಳು.

"ಕಣ್ಣಿಗೇನಾದ್ರೂ ಬಿತ್ತೇನಮ್ಮ? ಎರಡೂ ಕೈಯಲ್ಲಿ ಒತ್ತಬೇಕು" ಎಂದರು ಮೇಷ್ಟ್ರು.

ಸುಳ್ಳೊಂದನ್ನು ಹುಡುಕುತ್ತಿದ್ದೆ. ಅಷ್ಟರಲ್ಲಿ ಸುಮಾ, "ಇಲ್ಲ ಸಾರ್, ಮೊದಲು ನಂಗೆ ಫಿಟ್ಸ್ ಬರ್ತಿತ್ತು. ಟಿ.ವಿ. ಹತ್ತಿರ ನಿಂತ್ರೆ" ಎಂದುಬಿಟ್ಟಳು.

ಪಕ್ಕದ ಕಂಪ್ಯೂಟರಿನಲ್ಲಿದ್ದ ಹುಡುಗಿಯರ ಬೆರಳು ನಿಂತವು. ಇನ್ನು ಇವಳನ್ನು ಸೇರಿಸಿಕೊಳ್ಳುವುದಿಲ್ಲ ಎಂದುಕೊಂಡೆ. ಮೇಷ್ಟ್ರು ಹೋಗಿ ಕಿಟಕಿ ತೆರೆದರು. ಪರದೆಯ ಬೆಳಕು ಇಳಿಸಿ ಅವಳ ಕುರ್ಚಿ ಹಿಂದಕ್ಕೆ ಎಳೆದರು. ಆಮೇಲೆ ನನ್ನ ಕಡೆ ತಿರುಗಿ, "ಬಂದ್ರೆ ನಾವೇನು ಮಾಡ್ಬೇಕು ಮೇಡಂ?" ಎಂದರು.

ಹೇಳಿದೆ. ಮಗ್ಗುಲಿಗೆ ಮಲಗಿಸಿ, ತಲೆಯ ಕೆಳಗೆ ಮೆತ್ತನೆಯದೇನಾದರೂ ಇಡಿ, ಬಾಯಿಗೆ ಏನೂ ಹಾಕಬೇಡಿ, ಅದುಮಿ ಹಿಡಿಯಬೇಡಿ. ಹೊರಗಿನವರಿಗೆ ಮೊದಲ ಸಲ ಹೇಳುತ್ತಿದ್ದೆ. ನಾನು ಹೇಳಿ ಮುಗಿಸುವಷ್ಟರಲ್ಲಿ ಸುಮಾ ಅಂಗೈ ಇಳಿಸಿದ್ದಳು. ಹತ್ತು ನಿಮಿಷ ನಾನು ಅವಳ ಮುಖವನ್ನೇ ನೋಡುತ್ತಾ ಕುಳಿತೆ. ರೆಪ್ಪೆ ಅಲುಗಲಿಲ್ಲ.

"ಅಮ್ಮ, ನೀನು ಹೀಗೆ ನೋಡ್ತಾ ಕೂತ್ರೆ ನಂಗೆ ಅಕ್ಷರವೇ ಸಿಗಲ್ಲ" ಎಂದಳು.

ಅವಳು ಆ ಕೋರ್ಸ್ ಮುಗಿಸಿದಳು. ಮೊದಲ ಒಂದು ತಿಂಗಳು ನಾನೂ ಮೂಲೆಯ ಸ್ಟೂಲಿನ ಮೇಲೆ ಕ್ರೋಶಾ ಹಾಕುತ್ತಾ ಕೂತಿದ್ದೆ. ನನಗೆ ಇಂದಿಗೂ ನೆನಪಾಗುವುದು ಆ ಮೇಷ್ಟ್ರ ಒಂದು ಪ್ರಶ್ನೆ. ಅಂದು ನರಸೀಪುರದಲ್ಲಿ ಬೀದಿಗೆ ಬೀದಿಯೇ ಸುತ್ತ ನಿಂತಿತ್ತು, ಏನು ಮಾಡಬೇಕೆಂದು ತಮಗೆ ಗೊತ್ತು ಎಂದೇ ಎಲ್ಲರೂ ಅಂದುಕೊಂಡಿದ್ದರು. ಕೇಳಿದವರು ಇವರೊಬ್ಬರೇ.