ಬರ್ತೇನ್ರಿ ಅನ್ನುವ ಮಾತು

ಆಳಂದದ ಕಿವಿ ಕೇಳದ ಮಕ್ಕಳ ವಸತಿಶಾಲೆಗೆ ನಾನು ಸೇರಿದ್ದು ಎಂಬತ್ತರ ದಶಕದಲ್ಲಿ, ಗುಲಬರ್ಗಾದಲ್ಲಿ ಎಂ.ಎ. ಮುಗಿಸಿದ ಮೇಲೆ. ಪಾಠ ಹೇಳುವ ಕೆಲಸವಲ್ಲ, ಊರೂರು ತಿರುಗಿ ಶಾಲೆಗೆ ಜೋಳ, ತೊಗರಿ, ದೇಣಿಗೆ ತರುವ ಕೆಲಸ. ಅದನ್ನು ಎಷ್ಟೋ ವರ್ಷಗಳಿಂದ ಒಬ್ಬರೇ ಮಾಡಿಕೊಂಡು ಬಂದಿದ್ದ ವಯಸ್ಸಾದ ಹೆಂಗಸೊಬ್ಬರಿದ್ದರು. ಎಲ್ಲರೂ ಅವರನ್ನು ಅಕ್ಕಾರು ಅನ್ನುತ್ತಿದ್ದರು. ಮೊಣಕಾಲು ನೋವು ಹೆಚ್ಚಾದ್ದರಿಂದ ಅವರ ಜೊತೆಗೆ ನನ್ನನ್ನು ಹಾಕಿದರು.

ಅವರು ಕೂಡಿಸಿಕೊಂಡು ಕಲಿಸಿದ್ದು ನೆನಪಿಲ್ಲ. ಅಫಜಲಪುರದಲ್ಲಿ ಕಾಳುಕಡಿ ವ್ಯಾಪಾರದ ಅಡತಿ ಅಂಗಡಿಯೊಂದರಲ್ಲಿ ನಾನು ನಿಂತುಕೊಂಡೇ ಶಾಲೆಯ ಧ್ಯೇಯೋದ್ದೇಶ ಹೇಳತೊಡಗಿದಾಗ ಅಂಗಡಿಯವರು ತಡೆದರು. “ತಂಗಿ, ಪರೀಕ್ಷಾ ಕೊಡಾಕ ಬಂದೀಯೇನು? ಮೊದಲ ಕುಂಡ್ರು, ಚಾ ಕುಡಿ.” ಅಕ್ಕಾರು ಬಾಯಿಗೆ ಸೆರಗು ಹಿಡಿದು ನಕ್ಕರು. ಹೊರಗೆ ಬಂದ ಮೇಲೆ ಹೇಳಿದರು:

“ಮನಿ ಮಂದಿ ಹೆಂಗದಾರ ಕೇಳು ಬೇ, ಸಾಕು. ಏಳುವಾಗ ಬರ್ತೇನ್ರಿ ಅನ್ನು. ಅಂದ ಮ್ಯಾಲ ಮತ್ತೊಮ್ಮೆ ಹೋಗು.”

“ಬರ್ತೇನಿ ಅಂತ ಎಲ್ಲಾರೂ ಅಂತಾರಲ್ರಿ ಅಕ್ಕಾರ?”

“ಅಂತಾರ. ಹೋಗಂಗಿಲ್ಲ.”

ಕಾಳು ಕೊಟ್ಟವರ ಮನೆಗೆ ಮಳೆಗಾಲದಲ್ಲಿ, ಕೇಳುವುದೇನೂ ಇಲ್ಲದಾಗ, ಅವರು ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ಬಸ್ಸಿನ ಖರ್ಚು ದಂಡ ಎಂದು ನನಗೆ ಅನಿಸುತ್ತಿತ್ತು.

ನಮಗೆ ಎಲ್ಲರಿಗಿಂತ ಹೆಚ್ಚು ಜೋಳ ಬರುತ್ತಿದ್ದದ್ದು ನೆಲೋಗಿಯ ಸಾವುಕಾರರೊಬ್ಬರಿಂದ. ಮಕ್ಕಳ ರೊಟ್ಟಿ ನಿಂತಿದ್ದೇ ಅದರ ಮೇಲೆ. ಒಂದು ವರ್ಷ ಅವರ ಹೆಂಡತಿ ತೀರಿಕೊಂಡರು. ನಾವಿಬ್ಬರೂ ಹೋಗಿ ಪಡಸಾಲೆಯಲ್ಲಿ ಕುಳಿತೆವು. ಏಳುವಾಗ ರೂಢಿಯಂತೆ ನನ್ನ ಬಾಯಿ ತೆರೆಯಿತು. ಅಕ್ಕಾರು ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದು ಹೊರಗೆ ಎಳೆದುಕೊಂಡು ಬಂದರು.

“ಸಾವಿನ ಮನ್ಯಾಗ ಬರ್ತೇನಿ ಅಂತಾರೇನು ಹುಚ್ಚಿ? ಇನ್ನೊಂದು ಸಾವಿಗೆ ಬರ್ತೇನಿ ಅಂದಂಗ ಆಗ್ತದ.”

ಸಣ್ಣವಳಿದ್ದಾಗಿನಿಂದ ನನಗೂ ಗೊತ್ತಿದ್ದ ಪದ್ಧತಿ. ಮಾತು ಬಾಯಿಪಾಠವಾಗಿಬಿಟ್ಟಿತ್ತು, ಅಷ್ಟೆ.

ಮರುವರ್ಷ ಸಂಕ್ರಾಂತಿ ಆದ ಮೇಲೆ ಅಕ್ಕಾರು ತೀರಿಕೊಂಡರು. ಮಣ್ಣು ಮಾಡಿದ ದಿನದ ನನ್ನ ಡೈರಿಯಲ್ಲಿ “ಬಿಸಿಲು. ಅಕ್ಕಾರ ಮಣ್ಣು” ಎಂದಷ್ಟೇ ಇದೆ. ನಾನು ಅತ್ತೆನೇ? ಇಲ್ಲ ಅನಿಸುತ್ತದೆ. ನೆಲೋಗಿಯ ಸಾವುಕಾರರು ಬಂದಿದ್ದರು. ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕುಳಿತು, ಏನೂ ಅನ್ನದೆ ಎದ್ದು ಹೋದರು. ಹಾಗೇ ಹೋಗಬೇಕು. ಆದರೂ ಆ ಬೆನ್ನು ನೋಡುತ್ತ, ಇವರು ಜೋಳ ಕೊಡುತ್ತಿದ್ದದ್ದು ಶಾಲೆಗೋ ಅಕ್ಕಾರಿಗೋ ಎಂದು ಲೆಕ್ಕ ಹಾಕಿದ್ದು ನೆನಪಿದೆ. ಈ ಸಲ ಜೋಳ ಬರದಿದ್ದರೆ ಮಕ್ಕಳನ್ನು ಅವರವರ ಊರಿಗೆ ಕಳಿಸಬೇಕಾಗುತ್ತದೆ ಎಂದು ಮುಖ್ಯೋಪಾಧ್ಯಾಯರು ಹೇಳಿದ್ದರು. ಊರಿನಲ್ಲಿ ಆ ಮಕ್ಕಳ ಕೈಸನ್ನೆ ತಿಳಿಯುವವರು ಯಾರೂ ಇರಲಿಲ್ಲ.

ಸುಗ್ಗಿಯ ರಾಶಿ ಮುಗಿಯುವ ಹೊತ್ತಿಗೆ ಒಬ್ಬಳೇ ನೆಲೋಗಿಗೆ ಹೋದೆ.

“ಒಬ್ಬಾಕಿನ ಬಂದ್ಯಾ?” ಸಾವುಕಾರರು ಕೇಳಿದರು.

“ಹೌದ್ರಿ.”

ಅವರ ಮಗಳ ಬಾಣಂತನ ಹೇಗಾಯಿತೆಂದು ಕೇಳಿದೆ. ಅವರು ಹೇಳಿದರು. ಚಹಾ ಬಂತು. ಜೋಳದ ಮಾತು ಅವರೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಅಕ್ಕಾರು ಹೇಳಿದಂತೆ ನಡೆದೆ ಎಂದು ಆಮೇಲೆ ಬಹಳ ಜನರಿಗೆ ಹೇಳಿದ್ದೇನೆ. ನಿಜಕ್ಕೂ ನನಗೆ ಮಾತೇ ಹೊರಡಲಿಲ್ಲವೇನೋ. ಈಗ ಎರಡರಲ್ಲಿ ಯಾವುದೆಂದು ಬೇರ್ಪಡಿಸಲು ಆಗುತ್ತಿಲ್ಲ.

ಎದ್ದು, “ಬರ್ತೇನ್ರಿ” ಅಂದೆ.

ಅವರು ನನ್ನ ಮುಖ ನೋಡಿದರು. “ಬಾ ಯವ್ವಾ. ಜ್ವಾಳ ನಾನ ಟ್ರ್ಯಾಕ್ಟರ್‌ದಾಗ ಕಳಸ್ತೇನಿ. ಜ್ವಾಳಕ್ಕಂತ ಬರಬ್ಯಾಡ. ಅಕ್ಕಾರು ಬರ್ತಿದ್ರಲ್ಲ, ಹಂಗ ಬಾ.”

ಜೇವರ್ಗಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಜೋಳ ಸಿಕ್ಕಿದ್ದಕ್ಕೆ ಸಂತೋಷವಾಗಬೇಕಿತ್ತು. ಟಿಕೇಟನ್ನು ಮಡಚುತ್ತ, ಬಿಚ್ಚುತ್ತ ಕುಳಿತಿದ್ದೆ.

ಜೋಳ ಬಂದ ದಿನ ಮಕ್ಕಳು ಟ್ರ್ಯಾಕ್ಟರಿನ ಸುತ್ತ ನಿಂತು ಅಂಗೈಗೆ ಅಂಗೈ ಬಡಿದರು. ರೊಟ್ಟಿಗೆ ಅವರ ಸನ್ನೆ ಅದು. ನನ್ನನ್ನು ನೋಡಿಯೂ ಬಡಿದರು. ನಾನೂ ಬಡಿದೆ.

ಶ್ರಾವಣದಲ್ಲಿ ಮತ್ತೆ ನೆಲೋಗಿಗೆ ಹೋದೆ. ಕೆಲಸವೇನೂ ಇರಲಿಲ್ಲ.